ಸಣ್ಣ ಕಾರಿನ ಹಿಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ನಾವೇ ಬದಲಾಯಿಸಬಹುದಾ?

ಬೇರೆ ಕಂಪನಿಯ ಗಿಡ್ಡ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೊಂಡಿದ್ದೀರಿ, ಹಿಂದಕ್ಕೆ ನೀವೇ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ) ಇರುತ್ತದೆ. ಅದರಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಕೂತಿದ್ದರೆ ಕೆಲಸ ಸುಲಭ. ಎರಡೂ ಒಂದೇ ಜೋಡಣೆಯಲ್ಲಿದ್ದರೆ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅನ್ನು ಒತ್ತಿ ಹಿಡಿಯುವ ಸಾಧನ) ಇಲ್ಲದೆ ಮೇಲಿನ ನಟ್ ಮುಟ್ಟಲೇಬೇಡಿ. ಒತ್ತಿದ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ.

ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ಇನ್ನೊಂದು ಜ್ಯಾಕನ್ನು ಬೀಮ್‌ಗೆ ಆನಿಸಿ, ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಬೀಮನ್ನು ನಿಧಾನವಾಗಿ ಇಳಿಸಿ. ಸ್ಪ್ರಿಂಗ್ ಸಡಿಲವಾಗುತ್ತದೆ. ಬ್ರೇಕ್ ಹೋಸ್, ಎಬಿಎಸ್ ವೈರ್ ಜಗ್ಗದಂತೆ ನೋಡಿಕೊಳ್ಳಿ.

ಜಾಸ್ತಿ ಜನ ಎಡವುವುದು ಹೊಸದನ್ನು ಹಾಕಿ ಬಿಗಿ ಮಾಡುವ ಕೊನೆಯ ಹಂತದಲ್ಲಿ. ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಬೋಲ್ಟ್ ಸುತ್ತ ಇರುವ ರಬ್ಬರ್ ಬುಷ್ (ರಬ್ಬರ್ ಕೊಳವೆ) ಅದೇ ಕೋನದಲ್ಲಿ ಕಚ್ಚಿಕೊಳ್ಳುತ್ತದೆ. ಕಾರು ಇಳಿದ ಮೇಲೆ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಸದ್ದೂ ಶುರು. ಹಾಗಾಗಿ ಮೊದಲು ಕೈಬಿಗಿ ಸಾಕು. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆ ಮ್ಯಾನುಯಲ್‌ನಲ್ಲಿರುವ ಅಳತೆಗೆ, ಬಿಗಿಯ ಬಲ ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ.

ಹಳೆಯ ಕೆಲವು ಕಾರುಗಳಲ್ಲಿ ಭಾರ ನೋಡಿ ಹಿಂದಿನ ಬ್ರೇಕ್ ಒತ್ತಡ ಬದಲಿಸುವ ವಾಲ್ವ್ ಬೀಮ್‌ಗೆ ಸೇರಿಕೊಂಡಿರುತ್ತದೆ. ಹಿಂಭಾಗ ತಗ್ಗಿದರೆ ಅದು ಕಾರಿನಲ್ಲಿ ಲೋಡ್ ಇದೆ ಅಂತಲೇ ತಿಳಿದು ಹಿಂದಿನ ಬ್ರೇಕ್ ಜಾಸ್ತಿ ಹಿಡಿಸುತ್ತದೆ. ಅದನ್ನು ಸರಿಹೊಂದಿಸದೆ ರಸ್ತೆಗಿಳಿಯಬೇಡಿ. ಹೆಡ್‌ಲೈಟ್ ಕೋನವನ್ನೂ ನೋಡಿ, ಹಿಂದೆ ಮಾತ್ರ ತಗ್ಗಿಸಿದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.