ನಲವತ್ತು ಪುಟಕ್ಕೆ ನಿಂತ ಕಾದಂಬರಿ

ನಲವತ್ತು ಪುಟಕ್ಕೇ ನಿಂತುಹೋಯ್ತು, ಕತೆಯ ಪೂರ್ತಿ ನಕ್ಷೆ ಮೊದಲೇ ಹಾಕಿಕೊಳ್ಳಬೇಕಿತ್ತಾ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಬೇಡ. ಕೊನೆಯ ದೃಶ್ಯ ಮಸುಕಾಗಿ ಕಂಡರೆ ಸಾಕು. ಇಸವಿಗಳ ಪಟ್ಟಿ ಮಾತ್ರ ಇವತ್ತೇ ಗೋಡೆಗೆ ಅಂಟಿಸಿ.

ನಾನು ಅಂಟಿಸಿರಲಿಲ್ಲ. ನನ್ನ ನಾಯಕ 1994ರಲ್ಲಿ ಕುಮಟಾದಿಂದ ಮುಂಬೈಗೆ ರೈಲು ಹತ್ತಿಬಿಟ್ಟ! ಕೊಂಕಣ ರೈಲು ಮುಂಬೈವರೆಗೆ ಓಡಿದ್ದೇ 1998ರಲ್ಲಿ. ಮಾರಾಯ್ರೆ, ಅವನನ್ನು ಇಳಿಸಿ ರಾತ್ರಿ ಬಸ್ಸಿಗೆ ಕೂರಿಸಿದೆ. ಪಕ್ಕದ ಸೀಟಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಬ್ಬಿಕೊಂಡು ಒಬ್ಬಳು ಮುದುಕಿ ಬಂದಳು. ಅರ್ಧ ಕಾದಂಬರಿ ಅವಳದ್ದೇ ಆಯ್ತು.

ಬರೆದದ್ದನ್ನು ಈಗಲೇ ತಿದ್ದಲು ಹೋಗಬೇಡಿ. ಕೊನೆ ಮುಟ್ಟಿಸಿ, ಒಂದು ಮಳೆಗಾಲ ಕಪಾಟಿನಲ್ಲಿಡಿ (ಪ್ಲಾಸ್ಟಿಕ್ ಕೊಟ್ಟೆಯೊಳಗೆ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ). ಆಮೇಲೆ ದೊಡ್ಡದಾಗಿ ಓದಿ, ನಾಲಿಗೆ ಎಡವಿದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೀರು ಹಾಕಿ.