ಹಕ್ಕುಗಳ ಕೆಲಸಕ್ಕೆ ಲೆಕ್ಕ ಬಲ್ಲವರೂ ಬೇಕು

ಓದುಗರೊಬ್ಬರು ಬರೆದಿದ್ದಾರೆ: "ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಮಹಿಳೆಯರ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆ ಸೇರಬೇಕು, ಮುಂದೆ ಅಂಥ ಸಂಸ್ಥೆಯನ್ನು ನಡೆಸಬೇಕು ಅನ್ನುವ ಆಸೆ. ಅದು ಸೇವೆ, ಸೇವೆಗೆ ಸಂಬಳ ಕೇಳ್ತೀಯಾ ಅಂತ ಮನೆಯವರು ಕೇಳುತ್ತಾರೆ. ನನಗೆ ಭಾಷಣ ಮಾಡಲು ಬರುವುದಿಲ್ಲ. ನಾನು ದೌರ್ಜನ್ಯ ಅನುಭವಿಸಿದವಳೂ ಅಲ್ಲ. ನನಗೆ ಈ ಕೆಲಸಕ್ಕೆ ಅರ್ಹತೆ ಇದೆಯಾ? ಎಲ್ಲಿಂದ ಶುರು ಮಾಡಲಿ?"

ಪ್ರಿಯ ಓದುಗರೇ,

ಮೊದಲು ಸಂಬಳದ ವಿಷಯ ಮುಗಿಸಿಬಿಡೋಣ. ಕೇಳಿ, ಧೈರ್ಯವಾಗಿ ಕೇಳಿ. ಹೆಣ್ಣಿನ ದುಡಿಮೆಗೆ ಯಾಕೆ ಬೆಲೆ ಇಲ್ಲ ಅನ್ನುವುದು ಈ ಚಳವಳಿಯ ಹಳೆಯ ಪ್ರಶ್ನೆ. ಆ ಪ್ರಶ್ನೆ ಎತ್ತುವ ಸಂಸ್ಥೆಯೇ ತನ್ನವರನ್ನು ಪುಕ್ಕಟೆ ದುಡಿಸಿಕೊಂಡರೆ ಹೇಗೆ? ಇನ್ನೊಂದು ಕಾರಣವೂ ಇದೆ. ಸಂಬಳ ಇಲ್ಲದ ಕೆಲಸಕ್ಕೆ ಬರಲು ಆಗುವುದು ಮನೆಯಲ್ಲಿ ಅನುಕೂಲ ಇರುವವರಿಗೆ ಮಾತ್ರ. ಯಾರ ಹಕ್ಕಿಗಾಗಿ ಸಂಸ್ಥೆ ಇದೆಯೋ ಅವರಲ್ಲೇ ಹೆಚ್ಚಿನವರು ಆಗ ಹೊರಗೆ ಉಳಿಯುತ್ತಾರೆ.

ಭಾಷಣದ ಚಿಂತೆಯನ್ನೂ ಬಿಡಿ. ಹಕ್ಕುಗಳ ಹೋರಾಟ ಅಂದರೆ ಮೈಕು, ಮೆರವಣಿಗೆ ಅಂತ ನಮ್ಮ ಕಣ್ಣಿಗೆ ಬರುತ್ತದೆ. ಅವೂ ಬೇಕು. ಆದರೆ ಅವುಗಳ ಹಿಂದೆ ಕಾಗದಪತ್ರದ ದೊಡ್ಡ ದುಡಿಮೆ ಇರುತ್ತದೆ. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣೆಯ ಒಪ್ಪಂದವನ್ನು ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿತು. 1981ರಲ್ಲಿ ಅದು ಜಾರಿಗೆ ಬಂತು. ಸಹಿ ಮಾಡಿ ಒಪ್ಪಿಕೊಂಡ ದೇಶಗಳು ತಾವು ಏನು ಮಾಡಿದೆವು ಅಂತ ಆಗಾಗ ತಜ್ಞರ ಸಮಿತಿಗೆ ವರದಿ ಕೊಡಬೇಕು. ಸರ್ಕಾರದ ವರದಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಹಾಗಾಗಿ ಮಹಿಳಾ ಸಂಘಟನೆಗಳು ತಮ್ಮದೇ ಪರ್ಯಾಯ ವರದಿಯನ್ನೂ ಅದೇ ಸಮಿತಿಗೆ ಕಳಿಸುತ್ತವೆ. ಸಮಿತಿಯವರು ಅದನ್ನು ಇಟ್ಟುಕೊಂಡು ಸರ್ಕಾರದ ಪ್ರತಿನಿಧಿಗಳನ್ನು ಪ್ರಶ್ನೆ ಮಾಡಬಹುದು. ಆ ವರದಿ ಬರೆಯಲು ತಾಳ್ಮೆಯಿಂದ ಕೂತು ಕಾನೂನನ್ನೂ ಅಂಕಿಗಳನ್ನೂ ತಾಳೆ ನೋಡುವವರು ಬೇಕು. ದೊಡ್ಡ ಗಂಟಲು ಬೇಕಿಲ್ಲ.

ನಿಮ್ಮ ಕಸುಬಿಗೆ ಇನ್ನೂ ಹತ್ತಿರದ ಉದಾಹರಣೆ ಕೊಡುತ್ತೇನೆ. ಸರ್ಕಾರದ ಬಜೆಟ್ಟಿನಿಂದ ಹೆಂಗಸರಿಗೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ಪ್ರಕಟಿಸುವ ಕೆಲಸವನ್ನು ಆಸ್ಟ್ರೇಲಿಯಾ 1984ರಲ್ಲಿ ಶುರು ಮಾಡಿತು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಮುಗಿದ ಮರುವರ್ಷ, 1995ರಲ್ಲಿ, ಸಂಸದರೂ ಸ್ವಯಂಸೇವಾ ಸಂಸ್ಥೆಗಳೂ ಸೇರಿ ಇಂಥದ್ದೇ ಕೆಲಸಕ್ಕೆ ಕೈ ಹಾಕಿದರು. ಸಹಾಯವಾಣಿಗೆ, ಆಶ್ರಯಧಾಮಕ್ಕೆ ಎಷ್ಟು ಘೋಷಣೆ ಆಯಿತು, ಎಷ್ಟು ಬಿಡುಗಡೆ ಆಯಿತು, ಎಷ್ಟು ಖರ್ಚಾಯಿತು? ಈ ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಮಂತ್ರಿಯೂ ಉತ್ತರ ಹುಡುಕಬೇಕಾಗುತ್ತದೆ. ಅದನ್ನು ಮಾಡಬಲ್ಲವರು ಈ ಕ್ಷೇತ್ರದಲ್ಲಿ ಇನ್ನೂ ಜಾಸ್ತಿ ಬೇಕು. ನೀವು ಹತ್ತು ಹೆಜ್ಜೆ ಮುಂದಿದ್ದೀರಿ.

ಇಳಾ ಭಟ್ ಅವರ ದಾರಿ ನೋಡಿ. ಅವರು ಓದಿದ್ದು ಕಾನೂನು. ಅಹಮದಾಬಾದಿನ ಜವಳಿ ಕಾರ್ಮಿಕರ ಸಂಘದಲ್ಲಿ ಉದ್ಯೋಗಕ್ಕೆ ಸೇರಿದವರು. ತಲೆಹೊರೆ ಹೊರುವವರು, ಬೀದಿ ವ್ಯಾಪಾರದವರು, ಮನೆಯಲ್ಲೇ ಹೊಲಿಯುವವರು ಯಾವ ಸಂಘದ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಅವರನ್ನು ಕೂಡಿಸಿ 1972ರಲ್ಲಿ 'ಸೇವಾ' (ಸ್ವಂತ ದುಡಿಮೆಯ ಮಹಿಳೆಯರ ಸಂಘ) ಕಟ್ಟಿದಾಗ ಕಾರ್ಮಿಕ ಇಲಾಖೆ ನೋಂದಣಿಗೆ ಒಪ್ಪಲಿಲ್ಲ. ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಸಂಘ ಅನ್ನುವುದು ಇಲಾಖೆಯ ವಾದ. ಸಂಘ ಇರುವುದು ದುಡಿಯುವವರು ಒಟ್ಟಾಗಲು, ಯಾರದೋ ವಿರುದ್ಧವೇ ಇರಬೇಕಿಲ್ಲ ಅಂತ ಇವರು ಪಟ್ಟು ಹಿಡಿದರು, ನೋಂದಣಿ ಪಡೆದರು. ಎರಡು ವರ್ಷದಲ್ಲಿ ಆ ಹೆಂಗಸರದ್ದೇ ಸಹಕಾರಿ ಬ್ಯಾಂಕು ಬಂತು. ಮನೆಯಲ್ಲಿ ಕೂತು ದುಡಿಯುವವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಂದು ಒಪ್ಪಂದ ಮಾಡಿತು. ಅದಕ್ಕಾಗಿ ವರ್ಷಗಟ್ಟಲೆ ಒತ್ತಾಯಿಸಿದವರಲ್ಲಿ ಸೇವಾದವರೂ ಇದ್ದರು. ಸಂಘ ಹುಟ್ಟಿ ಆಗಲೇ 24 ವರ್ಷ! ಈ ವೃತ್ತಿಯಲ್ಲಿ ಫಲ ಕಾಣುವ ವೇಗ ಇದು. ವರ್ಷದ ಕೊನೆಗೆ ಗುರಿ ಮುಟ್ಟಿದ ಲೆಕ್ಕ ಕೇಳುವ ಕಂಪನಿಯಿಂದ ಬರುವ ನಿಮಗೆ ಇದೇ ಎಲ್ಲಕ್ಕಿಂತ ಕಷ್ಟ ಅನ್ನಿಸಬಹುದು.

ಈಗ ಅರ್ಹತೆಯ ಪ್ರಶ್ನೆ. ನೋವು ಉಂಡವರ ತಿಳಿವಳಿಕೆ ದೊಡ್ಡದು, ಅಂಥವರು ಸಂಸ್ಥೆಯಲ್ಲಿ ಇರಲೇಬೇಕು. ಆದರೆ ನಿಮಗೆ ಆ ಅನುಭವ ಇಲ್ಲ ಅನ್ನುವುದು ಅಡ್ಡಿಯಲ್ಲ. ಅಡ್ಡಿಯಾಗುವುದು ಬೇರೆ: ನೆರವು ಕೇಳಿ ಬಂದವಳ ಪರವಾಗಿ ನಾವೇ ತೀರ್ಮಾನ ಮಾಡುವ ಅಭ್ಯಾಸ.

ಗಂಡನ ಹೊಡೆತ ತಾಳಲಾರದೆ ಒಬ್ಬಾಕೆ ಬರುತ್ತಾಳೆ ಅನ್ನಿ. ಎಲ್ಲ ಹೇಳಿಕೊಳ್ಳುತ್ತಾಳೆ. ಕೊನೆಗೆ ಮನೆಗೇ ಹೋಗುತ್ತೇನೆ ಅನ್ನುತ್ತಾಳೆ. ಹೊಸಬರಿಗೆ ಸಿಟ್ಟು ಬರುತ್ತದೆ. ಇಷ್ಟಾದರೂ ಹೋಗ್ತೀಯಾ ಅಂತ ಕೇಳಿಬಿಡುತ್ತಾರೆ. ಮತ್ತೆ ಆಕೆ ಬರುವುದಿಲ್ಲ. ಬಿಟ್ಟು ಹೊರಡುವ ಹೊತ್ತು, ಬಿಟ್ಟ ಮೇಲಿನ ದಿನಗಳು ಅಂಥ ಹೆಂಗಸಿಗೆ ಬಹಳ ಅಪಾಯದ ಸಮಯ. ಕೊಲೆಯವರೆಗೂ ಹೋಗುವ ಹಿಂಸೆ ಎಷ್ಟೋ ಸಲ ಆಗಲೇ ನಡೆಯುತ್ತದೆ. ಯಾವಾಗ ಹೊರಡಬೇಕು, ಮಕ್ಕಳನ್ನು ಎಲ್ಲಿ ಬಿಡಬೇಕು, ಯಾರಿಗೆ ಹೇಳಬಾರದು ಅನ್ನುವುದು ನಮಗಿಂತ ಆಕೆಗೇ ಚೆನ್ನಾಗಿ ಗೊತ್ತು. ನಮ್ಮ ಕೆಲಸ ಆಕೆಯ ಜೊತೆ ಕೂತು ಸುರಕ್ಷತೆಯ ಯೋಜನೆ ಮಾಡುವುದು, ಕಾನೂನು ಏನು ಕೊಡುತ್ತದೆ ಅಂತ ತಿಳಿಸುವುದು, ಬಾಗಿಲು ತೆರೆದಿಡುವುದು. ಆಕೆಯ ಕಡತಕ್ಕೆ ಬೀಗ ಹಾಕುವುದೂ ಅಷ್ಟೇ ಮುಖ್ಯ. ದಾನಿಗಳಿಗೆ ತೋರಿಸಲು ಆಕೆಯ ಫೋಟೋ, ಕಥೆ ಕೇಳುವ ಒತ್ತಡ ನಿಮ್ಮ ಮೇಲೆ ಖಂಡಿತ ಬರುತ್ತದೆ. ನೆರವು ಪಡೆಯುತ್ತಿರುವವಳು ಬೇಡ ಅನ್ನಲು ಹಿಂಜರಿಯುತ್ತಾಳೆ. ಅಂಥ ಒಪ್ಪಿಗೆಯನ್ನು ನಾನಂತೂ ಒಪ್ಪಿಗೆ ಅಂತ ಕರೆಯಲಾರೆ.

ಇನ್ನು ಸಂಸ್ಥೆ ನಡೆಸುವ ಆಸೆ. ಒಳ್ಳೆಯದು. ಆದರೆ ಆ ಕುರ್ಚಿಯಲ್ಲಿ ಕೂತವರ ಹೆಚ್ಚಿನ ಸಮಯ ಹಣ ಹುಡುಕುವುದರಲ್ಲೇ ಹೋಗುತ್ತದೆ. ಅನುದಾನ ಹೆಚ್ಚಾಗಿ ಒಂದು ಪ್ರಾಜೆಕ್ಟಿಗೆ ಅಂತ ಬರುತ್ತದೆ. ತರಬೇತಿಗೆ ದುಡ್ಡಿರುತ್ತದೆ, ಬಾಡಿಗೆಗೆ ಇರುವುದಿಲ್ಲ. ಪ್ರಾಜೆಕ್ಟ್ ಮುಗಿದ ದಿನ ಅನುಭವಿ ಸಮಾಲೋಚಕಿಯನ್ನು ಮನೆಗೆ ಕಳಿಸಬೇಕಾಗುತ್ತದೆ, ಆಕೆಯನ್ನು ನಂಬಿದ ಹೆಂಗಸರು ಮತ್ತೆ ಹೊಸಬರ ಮುಂದೆ ಮೊದಲಿನಿಂದ ಹೇಳಬೇಕಾಗುತ್ತದೆ. 1987ರಲ್ಲಿ ಶುರುವಾದ 'ಗ್ಲೋಬಲ್ ಫಂಡ್ ಫಾರ್ ವಿಮೆನ್' ಮಹಿಳಾ ಗುಂಪುಗಳು ತಮಗೆ ಬೇಕಾದಂತೆ ಖರ್ಚು ಮಾಡಲು ಹಣ ಕೊಡುವ ಪದ್ಧತಿಯನ್ನು ಎತ್ತಿಹಿಡಿಯಿತು. ಅಂಥ ದಾನಿಗಳು ಕಡಿಮೆ. ಬಾಡಿಗೆ, ಸಂಬಳ, ಆಡಿಟ್ ಕೂಡ ಹಕ್ಕುಗಳ ಕೆಲಸದ ಖರ್ಚೇ ಅಂತ ದಾನಿಗೆ ಅಂಕಿ ಸಮೇತ ವಿವರಿಸಬಲ್ಲ ಮುಖ್ಯಸ್ಥೆ ಸಿಕ್ಕರೆ ಅದು ಆ ಸಂಸ್ಥೆಯ ಭಾಗ್ಯ.

ಸ್ಥಾಪಕರು ಕುರ್ಚಿ ಬಿಡದೆ ಸೊರಗಿದ ಸಂಸ್ಥೆಗಳೂ ಇವೆ. ಇಳಾ ಭಟ್ 1996ರಲ್ಲಿ ಸೇವಾದ ಪ್ರಧಾನ ಕಾರ್ಯದರ್ಶಿ ಸ್ಥಾನ ಬಿಟ್ಟುಕೊಟ್ಟರು. ಅವರು ತೀರಿಕೊಂಡದ್ದು 2022ರಲ್ಲಿ. ಅಷ್ಟು ಮುಂಚೆಯೇ ಜವಾಬ್ದಾರಿ ಬೇರೆಯವರ ಕೈಗೆ ಹೋಗಿತ್ತು.

ಈಗಿನ ಕೆಲಸವನ್ನು ಕೂಡಲೇ ಬಿಡಬೇಡಿ. ಒಂದು ಸಣ್ಣ ಸಂಸ್ಥೆ ಹುಡುಕಿ, ರಜೆಯ ದಿನ ಅವರ ಲೆಕ್ಕಪತ್ರಕ್ಕೆ ನೆರವಾಗಿ. ವರ್ಷದ ವರದಿ, ಆಡಿಟ್ ಎರಡನ್ನೂ ಓದಿ. ಸಂದರ್ಶನಕ್ಕೆ ಕರೆದರೆ ನೀವೂ ಪ್ರಶ್ನೆ ಕೇಳಿ. ಆಡಳಿತ ಮಂಡಳಿಯಲ್ಲಿ ನೆರವು ಪಡೆದ ಹೆಂಗಸರು ಯಾರಾದರೂ ಇದ್ದಾರಾ? ಸಿಬ್ಬಂದಿಗೇ ಕಿರುಕುಳವಾದರೆ ದೂರು ಯಾರಿಗೆ? ದಿನವಿಡೀ ಹಿಂಸೆಯ ಕಥೆ ಕೇಳುವವರಿಗೆ ಮನಸ್ಸು ಹಗುರ ಮಾಡಿಕೊಳ್ಳಲು ಏನು ವ್ಯವಸ್ಥೆ ಇದೆ, ರಜೆ ಎಷ್ಟು? ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವ ಕಡೆ ಸೇರಬೇಡಿ. ಕೂತು ಉತ್ತರ ಕೊಡುವವರು ಸಿಕ್ಕರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಯೋಚಿಸಿ ಸೇರಿಕೊಳ್ಳಿ.

— ಸಂ.