ಕಾರಿನ ಆಡಿಯೊದಲ್ಲಿ ಬೇರೆ ಬೇರೆ ಕಂಪನಿಯ ಭಾಗಗಳನ್ನು ಸೇರಿಸಬಹುದೇ?

ಧಾರಾಳವಾಗಿ ಸೇರಿಸಬಹುದು. ಪಯೊನೀರ್ ಸ್ಟೀರಿಯೊ, ಜೆಬಿಎಲ್ ಸ್ಪೀಕರ್, ಸೋನಿ ಸಬ್‌ವೂಫರ್ (ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್) ಹಾಕಿಸಬೇಕೆಂದಿರುವ ನಿಮಗೆ ಅಂಗಡಿಯವರು ಎಲ್ಲವೂ ಒಂದೇ ಬ್ರ್ಯಾಂಡಿನದಾಗಿರಬೇಕು ಎಂದು ಹೇಳಿದ್ದಾರಲ್ಲವೇ? ಅಂಥ ಮಾತಿನ ಹಿಂದೆ ತಾಂತ್ರಿಕ ಕಾರಣಕ್ಕಿಂತ ಅಂಗಡಿಯಲ್ಲಿರುವ ದಾಸ್ತಾನಿನ ಲೆಕ್ಕವೇ ಹೆಚ್ಚಿರುತ್ತದೆ ಎಂಬುದು ನನ್ನ ಅನಿಸಿಕೆ. ಸ್ಟೀರಿಯೊದಿಂದ ಆರ್‌ಸಿಎ ಕೇಬಲ್ ಮೂಲಕ ಆಂಪ್ಲಿಫೈಯರಿಗೆ ಹೋಗುವುದು ಎರಡರಿಂದ ನಾಲ್ಕು ವೋಲ್ಟಿನಷ್ಟು ಸಣ್ಣ ಸಿಗ್ನಲ್. ಅಲ್ಲಿಂದ ಸ್ಪೀಕರಿಗೆ ಹೋಗುವುದು ಅದೇ ಸಿಗ್ನಲ್ಲಿನ ಬಲಪಡಿಸಿದ ರೂಪ. ಎರಡೂ ಕಡೆ ಅಂಕಿಗಳು ಹೊಂದಿಕೊಂಡರೆ ಸಾಕು, ಮೇಲಿನ ಹೆಸರು ಯಾವುದಾದರೂ ಆಗಬಹುದು.

ನಾನು ಬೆರಕೆಗೆ ಒಪ್ಪದಿರುವುದು ಒಂದೇ ಕಡೆ. ಮುಂದಿನ ಬಾಗಿಲುಗಳಿಗೆ ಕಾಂಪೊನೆಂಟ್ ಸ್ಪೀಕರ್ (ಬಿಡಿ ಭಾಗಗಳಾಗಿ ಬರುವ ಸೆಟ್) ಹಾಕಿಸುವುದಾದರೆ ಅದರ ತಗ್ಗು ಸ್ವರದ ವೂಫರ್, ಏರು ಸ್ವರದ ಟ್ವೀಟರ್ ಮತ್ತು ಅವೆರಡಕ್ಕೂ ಸ್ವರಗಳನ್ನು ಹಂಚಿಕೊಡುವ ಪ್ಯಾಸಿವ್ ಕ್ರಾಸೋವರ್ ಒಂದೇ ಪೆಟ್ಟಿಗೆಯಿಂದ ಬಂದಿರಲಿ. ಆ ಕ್ರಾಸೋವರಿನೊಳಗಿನ ಕೆಪಾಸಿಟರ್ ಮತ್ತು ಕಾಯಿಲ್‌ಗಳ ಅಳತೆಯನ್ನು ಆ ವೂಫರ್, ಆ ಟ್ವೀಟರುಗಳ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಮತ್ತು ಸೆನ್ಸಿಟಿವಿಟಿಗೆ (ಅಷ್ಟೇ ಪವರಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದಕ್ಕೆ) ತಕ್ಕಂತೆ ನಿಗದಿಪಡಿಸಿರುತ್ತಾರೆ. ಬೇರೆ ಕಂಪನಿಯ ಟ್ವೀಟರ್ ತಂದು ಅದಕ್ಕೆ ಜೋಡಿಸಿದರೆ ಸ್ವರ ಕತ್ತರಿಸುವ ಜಾಗವೇ ಸರಿದುಹೋಗುತ್ತದೆ. ಹೊಸ ಟ್ವೀಟರಿನ ಸೆನ್ಸಿಟಿವಿಟಿ ಮೂರು ಡೆಸಿಬೆಲ್ ಹೆಚ್ಚಿದ್ದರೂ ಅದಕ್ಕೆ ಎರಡರಷ್ಟು ಪವರ್ ಕೊಟ್ಟಂತೆ ಆಗಿ ಹಾಡಿನ ತುಂಬ 'ಸ', 'ಶ'ಗಳೇ ಚುಚ್ಚುತ್ತವೆ. ಹಿಂಬದಿಯ ಸ್ಪೀಕರುಗಳ ವಿಷಯದಲ್ಲಿ ಈ ಚಿಂತೆ ಬೇಡ, ಅವನ್ನು ಹೇಗೂ ಕಡಿಮೆ ಶಬ್ದದಲ್ಲಿ ಇಡುತ್ತೇವೆ.

ಇನ್ನು ಅಂಕಿಗಳು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಪೀಕ್ ವ್ಯಾಟನ್ನು (ಕ್ಷಣಮಾತ್ರದ ಗರಿಷ್ಠ ಪವರ್) ಮರೆತು ಆರ್‌ಎಂಎಸ್ ವ್ಯಾಟನ್ನು (ಸತತವಾಗಿ ನಿಲ್ಲುವ ಪವರ್) ಮಾತ್ರ ಹೋಲಿಸಿ. ಸ್ಟೀರಿಯೊದ ಮೇಲೆ '50 ವ್ಯಾಟ್ x 4' ಎಂದಿದ್ದರೂ ಅದರ ಒಳಗಿನ ಆಂಪ್ಲಿಫೈಯರ್ ನಿಜವಾಗಿ ಕೊಡುವುದು ಚಾನೆಲ್‌ಗೆ ಸುಮಾರು 15ರಿಂದ 20 ವ್ಯಾಟ್ ಅಷ್ಟೇ. ಅದಕ್ಕಿಂತ ಮುಖ್ಯವಾದದ್ದು ಓಮ್, ಅಂದರೆ ಇಂಪೀಡೆನ್ಸಿನ ಅಳತೆ. ನಾಲ್ಕು ಚಾನೆಲ್ಲಿನ ಆಂಪ್ಲಿಫೈಯರಿನ ಎರಡು ಚಾನೆಲ್‌ಗಳನ್ನು ಬ್ರಿಡ್ಜ್ ಮಾಡಿ (ಒಂದಾಗಿ ಕೂಡಿಸಿ) ಸಬ್‌ವೂಫರಿಗೆ ಕೊಡುವುದು ನಮ್ಮಲ್ಲಿ ಸಾಮಾನ್ಯ. ಆ ಆಂಪ್ಲಿಫೈಯರ್ ಬ್ರಿಡ್ಜ್ ಆದಾಗ ಕನಿಷ್ಠ 4 ಓಮ್ ಎಂದು ಕೈಪಿಡಿಯಲ್ಲಿದ್ದು, ನೀವು ತಂದ ಸಬ್‌ವೂಫರಿನಲ್ಲಿ 4 ಓಮಿನ ಎರಡು ಕಾಯಿಲ್‌ಗಳಿದ್ದರೆ, ಪ್ಯಾರಲಲ್ ಜೋಡಣೆಯಲ್ಲಿ ಅದು 2 ಓಮ್ ಆಗುತ್ತದೆ. ಆಂಪ್ಲಿಫೈಯರ್ ಬಿಸಿಯಾಗಿ ಪ್ರೊಟೆಕ್ಟ್ ದೀಪ ಹೊತ್ತಿಸಿಕೊಂಡು ಕುಳಿತುಬಿಡುತ್ತದೆ. ಸೀರೀಸಿನಲ್ಲಿ ಜೋಡಿಸಿದರೆ 8 ಓಮ್ ಆಗಿ ಅಪಾಯವೇನೋ ತಪ್ಪುತ್ತದೆ, ಆದರೆ ಪವರ್ ಕಡಿಮೆ. ಆದ್ದರಿಂದ ದುಡ್ಡು ಕೊಡುವ ಮೊದಲೇ ಎರಡೂ ಕೈಪಿಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಬೇರೆ ಬೇರೆ ಕಂಪನಿಯ ಸ್ಟೀರಿಯೊ ಮತ್ತು ಆಂಪ್ಲಿಫೈಯರ್ ಸೇರಿದಾಗ ಕೆಲಸ ಕೆಡುವುದು ಹೆಚ್ಚಾಗಿ ಗೇನ್ ತಿರುಪಿನಲ್ಲಿ. ಅದು ವಾಲ್ಯೂಮ್ ಅಲ್ಲ. ಸ್ಟೀರಿಯೊದ ವೋಲ್ಟೇಜಿಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಫಿಟ್ಟರುಗಳು ಕಿವಿಯ ಅಂದಾಜಿನ ಮೇಲೆ ತಿರುಗಿಸುತ್ತಾರೆ, ನಾನು ಮಲ್ಟಿಮೀಟರನ್ನೇ ನಂಬುತ್ತೇನೆ. ಬೇಕಾದ ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ: 75 ವ್ಯಾಟ್, 4 ಓಮ್ ಆದರೆ 17.3 ವೋಲ್ಟ್. ಸ್ಪೀಕರ್ ತಂತಿಗಳನ್ನು ಬಿಚ್ಚಿ, ಈಕ್ವಲೈಜರನ್ನು ಸೊನ್ನೆಗೆ ತಂದು, ಗೇನನ್ನು ಪೂರ್ತಿ ಇಳಿಸಿ, ಸ್ಟೀರಿಯೊವನ್ನು ಮುಕ್ಕಾಲು ವಾಲ್ಯೂಮಿಗಿಟ್ಟು ಸಬ್‌ವೂಫರಿಗೆ 50 ಹರ್ಟ್ಸ್, ಉಳಿದವಕ್ಕೆ 1000 ಹರ್ಟ್ಸ್ ಟೋನ್ (ಒಂದೇ ಸಮನೆ ಕೇಳುವ ಪರೀಕ್ಷಾ ಸ್ವರ) ನುಡಿಸಿ. ಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್‌ಗಳಿಗೆ ಹಿಡಿದು, ಆ ಅಂಕಿ ಬರುವವರೆಗೆ ಗೇನನ್ನು ನಿಧಾನವಾಗಿ ಏರಿಸಿ.

ಕ್ರಾಸೋವರ್ ಸೆಟ್ಟಿಂಗ್ ಸ್ಟೀರಿಯೊದಲ್ಲೂ ಇರುತ್ತದೆ, ಆಂಪ್ಲಿಫೈಯರಿನಲ್ಲೂ ಇರುತ್ತದೆ. ಒಂದರಲ್ಲಿ 80 ಹರ್ಟ್ಸ್ ಇಟ್ಟರೆ ಇನ್ನೊಂದರಲ್ಲಿ ಅದನ್ನು ಆಫ್ ಮಾಡಿ. ಎರಡೂ ಕಡೆ ಇಟ್ಟರೆ ಫಿಲ್ಟರ್ ಮೇಲೆ ಫಿಲ್ಟರ್ ಕೂತು ಡ್ರಮ್ಮಿನ ಪೆಟ್ಟು ಪೊಳ್ಳಾಗುತ್ತದೆ. ಎಲ್ಲ ಮುಗಿದ ಮೇಲೂ ಬೇಸ್ ತೆಳುವಾಗಿದೆ ಅನಿಸಿದರೆ ಆಂಪ್ಲಿಫೈಯರನ್ನು ಆಫ್ ಮಾಡಿ ಸಬ್‌ವೂಫರಿನ ಪ್ಲಸ್, ಮೈನಸ್ ತಂತಿಗಳನ್ನು ಅದಲುಬದಲು ಮಾಡಿ, ಚಾಲಕನ ಸೀಟಿನಲ್ಲಿ ಕುಳಿತು ಅದೇ ಹಾಡನ್ನು ಕೇಳಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಆ ಜೋಡಣೆಯನ್ನೇ ಉಳಿಸಿಕೊಳ್ಳಿ.